ಒಂಬತ್ತು ಇಂಚು ವಾಲಿದ ಮನೆ

ಹಳೇ ಮರದ ಮನೆಗೆ, ಗೋಡೆ ನೆಟ್ಟಗಿದೆಯೇ ಎಂದು ದಾರದಲ್ಲಿ ಇಳಿಬಿಟ್ಟು ನೋಡುವ ತೂಗುಗುಂಡು ಹಿಡಿಯುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊನ್ನೆ ಕಾಲೇಜಿನ ಮಂದಿ ನಾಲ್ಕು ಜನ ನನ್ನನ್ನು ನೋಡಲು ಬಂದಿದ್ದರು. ಹಳೇ ಮನೆಗಳನ್ನು ಉಳಿಸುವ ಬಗ್ಗೆ ಪುಸ್ತಕ ಬರೆಯುತ್ತಾರಂತೆ. ನನ್ನ ಸಲಕರಣೆ ಚೀಲ ಬಿಚ್ಚಿಸಿ ಫೋಟೋ ತೆಗೆದರು. ಅವರಲ್ಲೊಬ್ಬರು, “ಮಿಸ್ಟರ್ ಬೋರೆಟ್, ಎಲ್ಲ ಇದೆ, ತೂಗುಗುಂಡೇ ಇಲ್ಲವಲ್ಲ?” ಎಂದು ಕೇಳಿದರು.

“ಇಲ್ಲ. ನಿಮ್ಮ ಹತ್ರ ಇದ್ರೆ ನೀವೇ ಇಟ್ಕೊಳ್ಳಿ, ನನ್ನ ಕಣ್ಣಿಗೆ ತೋರಿಸ್ಬೇಡಿ,” ಅಂದೆ.

ನಕ್ಕರು. ಮುದುಕ ಏನೋ ದೊಡ್ಡ ತತ್ವ ಹೇಳಿದ ಅಂದುಕೊಂಡು ಬರೆದುಕೊಂಡರು. ಇಂಗ್ಲೆಂಡಿನ ಈ ಸಫಕ್ ಸೀಮೆಯಲ್ಲಿ ಆಮೋಸ್ ಬೋರೆಟ್ ಅಂದರೆ ಹಳೇ ಮನೆಗಳ ದೊಡ್ಡ ಬಡಗಿ. ನಾನು ರಿಪೇರಿ ಮಾಡಿದ ಮನೆಗಳ ಪಟ್ಟಿ ಅವರ ಬಳಿ ಇತ್ತು, ನಲವತ್ತಮೂರು ಮನೆ. ನಾನು ಕೊಂದ ಮನೆ ಯಾವುದು ಎಂದು ಮಾತ್ರ ಅವರು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೋ ಇಲ್ಲವೋ, ಅದೂ ಗೊತ್ತಿಲ್ಲ. ಅದಕ್ಕೇ ಈಗ ಹೇಳಿಬಿಡುತ್ತೇನೆ.

ಅದರ ಹೆಸರು ರುಕ್‌ಯಾರ್ಡ್. ನನ್ನ ಅಕ್ಕ ಹೆಸ್ಟರ್ ಮದುವೆಯಾಗಿ ಸೇರಿದ ಮನೆ. ಮೊಳಕಾಲೆತ್ತರದ ಇಟ್ಟಿಗೆ ಪಾಯದ ಮೇಲೆ ಓಕ್ ಮರದ ಅಡಿತೊಲೆ, ಅದರ ಮೇಲೆ ಕಂಬ, ಕಂಬದ ನೆತ್ತಿಗೆ ಅಡ್ಡತೊಲೆ, ಅದರ ಮೇಲೆ ಸೂರು ಹೊರುವ ಪಕಾಸಿ. ಇಡೀ ಚೌಕಟ್ಟಿನಲ್ಲಿ ಒಂದು ಕಬ್ಬಿಣದ ಮೊಳೆ ಇರಲಿಲ್ಲ. ತೊಲೆಯ ತುದಿಯಲ್ಲಿ ನಾಲಿಗೆ ಕೆತ್ತಿ, ಕಂಬದಲ್ಲಿ ಗೂಡು ಕೊರೆದು, ನಾಲಿಗೆಯನ್ನು ಗೂಡಿಗೆ ಕೂರಿಸಿ, ಅಡ್ಡಲಾಗಿ ಓಕ್ ಗೂಟ ಹೊಡೆದಿದ್ದರು. ಕಂಬಗಳ ನಡುವೆ ಕಡ್ಡಿ ಹೆಣೆದು, ಜೇಡಿಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿ, ಮೇಲೆ ಸುಣ್ಣದ ಗಾರೆ. ಆ ಕಾಲದ ಬಡಗಿಗಳು ಮರ ಒಣಗುವವರೆಗೆ ಕಾಯುತ್ತಿರಲಿಲ್ಲ. ಕಡಿದ ಹಸಿ ಓಕ್‌ನಲ್ಲೇ ಕಟ್ಟುತ್ತಿದ್ದರು. ಕಟ್ಟಿದ ಮೇಲೆ ಮರ ಒಣಗಿ, ತಿರುಚಿ, ಗೂಟಗಳನ್ನು ಕಚ್ಚಿ ಹಿಡಿಯುತ್ತಿತ್ತು. ಆಗ ಮನೆ ತನಗೆ ಬೇಕಾದ ಕಡೆ ಒಂದಿಷ್ಟು ವಾಲಿ, ಆಮೇಲೆ ಜಪ್ಪಯ್ಯ ಅಂದರೂ ಅಲ್ಲಾಡುತ್ತಿರಲಿಲ್ಲ.

ರುಕ್‌ಯಾರ್ಡ್ ವಾಲಿದ್ದು ಮೂಡಣಕ್ಕೆ. ನಡುಮಧ್ಯೆ ಇಟ್ಟಿಗೆಯ ದೊಡ್ಡ ಹೊಗೆಗೂಡು ಇತ್ತು. ಪಡುವಣ ಭಾಗದ ಚೌಕಟ್ಟು ಅದಕ್ಕೆ ಭುಜ ಆನಿಸಿ ನಿಂತಿತ್ತು, ಎರಡು ತೊಲೆಗಳ ತುದಿ ಅದರ ಇಟ್ಟಿಗೆಯೊಳಗೇ ಹೂತಿತ್ತು. ಬಾಗಿಲುಗಳನ್ನೆಲ್ಲ ಮನೆಯ ಓರೆಗೆ ತಕ್ಕಂತೆ ಓರೆಯಾಗಿಯೇ ಹೆರೆದಿದ್ದರು. ನಮ್ಮಜ್ಜ ಹೆರೆದ ಬಾಗಿಲೂ ಅಲ್ಲಿ ಒಂದಿತ್ತು. ನಮ್ಮಪ್ಪ ಜೇಬೆಜ್ ಕೂಡ ಬಡಗಿ. ಅವನು ಆ ಮನೆಯ ಗಾರೆ, ಕಿಟಕಿ, ಮೆಟ್ಟಿಲು ಎಲ್ಲ ರಿಪೇರಿ ಮಾಡಿದ್ದ. ವಾಲಿದ ಕಡೆಗೆ ಮಾತ್ರ ಕೈ ಹಾಕಿರಲಿಲ್ಲ.

ಹೆಸ್ಟರ್‌ಳ ಗಂಡ ಫ್ರೆಡ್ ಕೀಬಲ್ ಆ ಜಮೀನಿನ ಗೇಣಿದಾರ. ಸಾವಿರದ ಒಂಬೈನೂರ ಐವತ್ತೆರಡರಲ್ಲಿ ತೀರಿಕೊಂಡ. ಜಮೀನನ್ನು ಧಣಿಗಳು ತಮ್ಮ ದೊಡ್ಡ ಫಾರ್ಮಿಗೆ ಸೇರಿಸಿಕೊಂಡರು. ಮುದಿ ಧಣಿ ಒಳ್ಳೆಯವನು. “ಮನೆ ವಾಸಕ್ಕೆ ಯೋಗ್ಯವಾಗಿರುವವರೆಗೆ ಮಿಸೆಸ್ ಕೀಬಲ್ ಅಲ್ಲೇ ಇರಲಿ” ಎಂದು ಕಾಗದ ಬರೆದುಕೊಟ್ಟಿದ್ದ. ಅಕ್ಕನಿಗೆ ಆಗ ಐವತ್ತು. ಆರು ಹಸು, ಒಂದಷ್ಟು ಕೋಳಿ, ಮನೆಯ ಬಡಗಣ ಮೂಲೆಯಲ್ಲಿ ಬೇಸಿಗೆಯಲ್ಲೂ ತಣ್ಣಗಿರುವ ಹಾಲಿನ ಕೋಣೆ. ಅವಳು ಅಲ್ಲಿ ಕಡೆದ ಬೆಣ್ಣೆಗೆ ಸುತ್ತಲ ಮೂರು ಹಳ್ಳಿಯವರು ಕಾಯುತ್ತಿದ್ದರು. ಆ ಮನೆ ಹೋದರೆ ಹಾಲಿನ ಕೋಣೆ ಹೋಯಿತು, ಹಸು ಹೋಯಿತು, ಅವಳು ಯಾರದೋ ಅಡುಗೆಮನೆಯಲ್ಲಿ ಪಾತ್ರೆ ತೊಳೆಯಬೇಕು. ಇದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮುದಿ ಧಣಿ ಸತ್ತ. ಮಗ ಲಂಡನ್ನಿನಲ್ಲೇ ಉಳಿದು, ಆಸ್ತಿ ನೋಡಿಕೊಳ್ಳಲು ಡ್ರೂರಿ ಎಂಬ ಏಜೆಂಟನನ್ನು ಇಟ್ಟ. ಡ್ರೂರಿಗೆ ಹಳೇ ಮನೆಗಳೆಂದರೆ ಹಲ್ಲುನೋವು. ಸೂರು ಸೋರಿದರೆ ಧಣಿಯೇ ಸರಿಪಡಿಸಬೇಕಲ್ಲ! ಅವೆಲ್ಲ ಬಿದ್ದುಹೋದರೆ ಆ ಜಾಗದಲ್ಲಿ ಟ್ರಾಕ್ಟರ್ ತಿರುಗಿಸಬಹುದು ಎನ್ನುವವರ ಪೈಕಿ ಆಸಾಮಿ.

ಐವತ್ತೈದರ ಫೆಬ್ರವರಿ ಕೊನೆಯಲ್ಲಿ ಅವನು ರುಕ್‌ಯಾರ್ಡಿಗೆ ಬಂದ. ಜೊತೆಗೆ ಫಾರ್ಮಿನ ಇಬ್ಬರು ಟ್ರಾಕ್ಟರ್ ಡ್ರೈವರ್‌ಗಳು. ನಾನು ಅಕ್ಕನ ಹಂದಿಗೂಡಿಗೆ ಹಲಗೆ ಹೊಡೆಯುತ್ತಿದ್ದೆ. ಡ್ರೂರಿ ಏಣಿ ಹತ್ತಿ, ಮೂಡಣ ಗೋಡೆಯ ತುದಿಯಿಂದ ತೂಗುಗುಂಡು ಇಳಿಬಿಟ್ಟ. ಹಿತ್ತಾಳೆಯ ಗುಂಡು ಗೋಡೆಯಿಂದ ದೂರ, ಗಾಳಿಯಲ್ಲಿ ನಿಂತಿತು.

“ಒಂಬತ್ತು ಇಂಚು, ಮಿಸೆಸ್ ಕೀಬಲ್,” ಅಂದ ಅಳತೆಪಟ್ಟಿ ಹಿಡಿದು. “ಗೋಡೆ ಒಂಬತ್ತು ಇಂಚು ಹೊರಗೆ ಬಂದಿದೆ. ಇದನ್ನ ವಾಸಕ್ಕೆ ಯೋಗ್ಯ ಅಂತ ಯಾವ ಬಾಯಲ್ಲಿ ಹೇಳೋದು?”

“ನನ್ನ ಬಾಯಲ್ಲೇ ಹೇಳ್ತೀನಿ,” ಅಂದಳು ಹೆಸ್ಟರ್. ಕೈಯಲ್ಲಿ ಹಾಲಿನ ಬಕೆಟ್ ಹಾಗೇ ಇತ್ತು. “ಇಪ್ಪತ್ತಾರು ವರ್ಷದಿಂದ ಇದರೊಳಗೆ ಮಲಗಿ ಏಳ್ತಾ ಇದ್ದೀನಿ. ಬೀಳೋದಾಗಿದ್ರೆ ಯಾವತ್ತೋ ನನ್ನ ತಲೆ ಮೇಲೆ ಬಿದ್ದಿರ್ತಿತ್ತು.”

“ಅದನ್ನ ಇನ್‌ಸ್ಪೆಕ್ಟರ್ ಹತ್ರ ಹೇಳಿ. ಕೌನ್ಸಿಲ್‌ನವರಿಗೆ ಬರೆದಾಗಿದೆ. ಲೇಡಿ ಡೇ ದಿನ ಬಂದು ನೋಡ್ತಾರೆ.” ಲೇಡಿ ಡೇ ಅಂದರೆ ಮಾರ್ಚ್ ಇಪ್ಪತ್ತೈದು, ಗೇಣಿಗಳು ಕೈ ಬದಲಾಗುವ ದಿನ. ಆಮೇಲೆ ಡ್ರೂರಿ ನನ್ನ ಕಡೆ ತಿರುಗಿದ. “ಏನಯ್ಯಾ ಬೋರೆಟ್, ನೀನು ಬಡಗಿ ಅಲ್ವೇನಯ್ಯಾ? ಅಕ್ಕನ ಮನೆ ಕುಡಿದವನ ಹಾಗೆ ನಿಂತಿದೆ, ನೀನು ಹಂದಿಗೂಡು ರಿಪೇರಿ ಮಾಡ್ತಾ ಕೂತಿದ್ದೀಯ. ನೆಟ್ಟಗೆ ಮಾಡೋಕೆ ಆಗಲ್ವಾ? ಅಥವಾ ಆ ವಿದ್ಯೆ ನಿಮ್ಮಪ್ಪನ ಜೊತೆಗೇ ಮಣ್ಣಾಯ್ತಾ?”

ಟ್ರಾಕ್ಟರಿನವರು ಕಿಸಕ್ಕೆಂದು ನಕ್ಕರು. ಒಬ್ಬ, “ಹಂದಿಗೂಡು ಮಾತ್ರ ಬಲು ನೆಟ್ಟಗಿದೆ ಸಾರ್,” ಅಂದ.

ನನ್ನ ಕಿವಿ ಬಿಸಿಯಾಯಿತು. ಆಗ ನನಗೆ ನಲವತ್ತೆರಡು. ಅಪ್ಪ ಸತ್ತು ಮೂರೇ ವರ್ಷ. ಊರಲ್ಲಿ ಎಲ್ಲರೂ ನನ್ನನ್ನು ಇನ್ನೂ ‘ಜೇಬೆಜ್‌ನ ಮಗ’ ಎಂದೇ ಕರೆಯುತ್ತಿದ್ದರು.

ಅವರು ಹೋದ ಮೇಲೆ ನಾನು ಹಾಲಿನ ಕೋಣೆಗೆ ಹೋದೆ. ಹೆಸ್ಟರ್ ಬೆಣ್ಣೆ ತಟ್ಟುತ್ತಿದ್ದಳು.

“ನೆಟ್ಟಗೆ ಮಾಡ್ತೀನಿ,” ಅಂದೆ.

“ಏನನ್ನ?”

“ಮನೇನ.”

ಅವಳು ತಲೆ ಎತ್ತಲಿಲ್ಲ. “ತಲೆ ಕೆಟ್ಟಿದೆಯೇನೋ ನಿಂಗೆ? ಅದರ ಪಾಡಿಗೆ ಅದು ನಿಂತಿದೆ. ಸುಮ್ನೆ ಬಿಡು.”

“ಇನ್‌ಸ್ಪೆಕ್ಟರ್ ಬಂದು ಗುಂಡು ಬಿಟ್ಟು ನೋಡ್ತಾನೆ ಕಣೇ. ಒಂಬತ್ತು ಇಂಚು ಅಂತ ಬರೀತಾನೆ. ಮುಗೀತು. ಆಮೇಲೆ ಮುದಿ ಧಣಿ ಕಾಗದ ಒಲೆ ಹಚ್ಚೋಕೂ ಬರಲ್ಲ.”

“ಅಪ್ಪ ಯಾಕೆ ಮುಟ್ಟಲಿಲ್ಲ ಅದನ್ನ?”

“ಅಪ್ಪನಿಗೆ ಯಾರೂ ಲೇಡಿ ಡೇ ಗಡುವು ಕೊಟ್ಟಿರಲಿಲ್ಲ.”

“ಅಪ್ಪ ಏನು ಹೇಳ್ತಿದ್ದ ನೆನಪು ಮಾಡ್ಕೋ. ವಾಲಿದ ಮನೆ ಎಳೀಬೇಕಾದ್ರೆ ಮೊದಲು ಸೂರಿನ ಭಾರ ಇಳಿಸ್ಬೇಕು, ಗಾರೆ ಬಿಚ್ಚಬೇಕು, ಗೂಟ ತೆಗೀಬೇಕು. ಒಂದು ಬೇಸಿಗೆ ಪೂರ್ತಿ ಕೆಲಸ ಅಂತಿದ್ದ. ನಿನಗಿರೋದು ನಾಲ್ಕು ವಾರ.”

ಅವಳಿಗೆ ಎಲ್ಲ ನೆನಪಿತ್ತು. ನಾವಿಬ್ಬರೂ ಅಪ್ಪನ ಕೆಲಸದ ಕೊಟ್ಟಿಗೆಯಲ್ಲೇ ಬೆಳೆದವರು. ಅವಳು ಹೆಣ್ಣೆಂದು ಅಪ್ಪ ಅವಳ ಕೈಗೆ ಉಳಿ ಕೊಡಲಿಲ್ಲ, ಅಷ್ಟೇ. ಕೊಟ್ಟಿದ್ದರೆ ನನಗಿಂತ ಒಳ್ಳೆಯ ಬಡಗಿ ಆಗುತ್ತಿದ್ದಳು. ಅದು ಆವತ್ತೇ ನನ್ನ ಮನಸ್ಸಿಗೆ ಬಂದಿತ್ತು. ಬಂದಿದ್ದಕ್ಕೇ ಇನ್ನಷ್ಟು ರೇಗಿತು.

“ಹಾಗಾದ್ರೆ ಹೊರಡು,” ಅಂದೆ. “ಪೆಟ್ಟಿಗೆ ಕಟ್ಟು. ಡ್ರೂರಿ ಹೆಂಡ್ತಿ ಅಡುಗೆಮನೇಲಿ ಪಾತ್ರೆ ಉಜ್ಜು. ತಮ್ಮ ಬಡಗಿ ಇದ್ದ, ಕೈ ಕಟ್ಟಿ ಕೂತಿದ್ದ ಅಂತ ಊರಿಗೆಲ್ಲ ಹೇಳು.”

ಹೆಸ್ಟರ್ ಬೆಣ್ಣೆಯ ಹಲಗೆ ಕೆಳಗಿಟ್ಟಳು. ಹೆದರಿದ್ದಳು, ಪಾಪ. ಹೆದರಿಕೆ ಹುಟ್ಟಿಸಿದ್ದು ಡ್ರೂರಿ ಅಲ್ಲ, ನಾನು.

“ಕೆಡಿಸಲ್ಲ ಅಂತ ಹೇಳು,” ಅಂದಳು ಕೊನೆಗೆ.

“ಕೆಡಿಸಲ್ಲ.”

ಮಾರನೇ ದಿನವೇ ರೈಲ್ವೆ ಯಾರ್ಡಿನಿಂದ ಎರಡು ದೊಡ್ಡ ಜಾಕ್ ತಂದೆ. ಪಡುವಣ ಅಂಗಳದಲ್ಲಿ ಹಳೇ ಎಲ್ಮ್ ಮರ ಇತ್ತು. ಅದರ ಬುಡಕ್ಕೂ ಅಡ್ಡತೊಲೆಗಳ ತಲೆಗೂ ಉಕ್ಕಿನ ಹಗ್ಗ ಬಿಗಿದೆ. ನಡುವೆ ತಿರುಗಿಸಿದರೆ ಬಿಗಿಯುವ ತಿರುಪು. ಮೂಡಣ ಕಡೆಯಿಂದ ಜಾಕ್ ಒತ್ತುವುದು, ಪಡುವಣ ಕಡೆಯಿಂದ ಹಗ್ಗ ಎಳೆಯುವುದು, ದಿನಕ್ಕೆ ಅರ್ಧ ಇಂಚು.

ಈಗ ಗೂಟದ ವಿಷಯ. ನಾನು ಅದನ್ನು ಸುತ್ತಿಬಳಸಿ ಹೇಳುವುದಿಲ್ಲ. ಗೂಟ ತೆಗೆದರೆ ನಾಲಿಗೆ ಗೂಡಿನೊಳಗೆ ಸ್ವಲ್ಪ ಆಡಬಲ್ಲದು, ಚೌಕಟ್ಟು ನೋವಿಲ್ಲದೆ ತಿರುಗಬಲ್ಲದು. ಗೂಟ ಇದ್ದರೆ ಅದಕ್ಕೆ ಆಡಲು ಜಾಗವಿಲ್ಲ. ನಾನೂರು ವರ್ಷ ಒಂದೇ ಕಡೆ ಕಚ್ಚಿ ಹಿಡಿದ ನಾಲಿಗೆಯನ್ನು ಹಿಮ್ಮುಖವಾಗಿ ಎಳೆದರೆ ಒಂದೋ ಗೂಟ ಮುರಿಯಬೇಕು, ಇಲ್ಲ ನಾಲಿಗೆ. ಇದು ಬಡಗಿಯ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಗೊತ್ತಾಗುವ ಸಂಗತಿ. ನಾನು ಗೂಟ ತೆಗೆಯಲಿಲ್ಲ. ಹೊತ್ತಿಲ್ಲ ಎಂದು ಹೆಸ್ಟರ್‌ಗೆ ಹೇಳಿದೆ. ನಿಜ ಬೇರೆ ಇತ್ತು. ಗೂಟ ತೆಗೆಯಬೇಕಾದರೆ ಮೊದಲು ಗಾರೆ ಕೀಳಬೇಕು, ಮನೆ ಎಲುಬು ಬಿಟ್ಟುಕೊಂಡು ನಿಲ್ಲಬೇಕು. ಡ್ರೂರಿ ದಿನಾ ಆ ದಾರಿಯಲ್ಲೇ ಕಾರಿನಲ್ಲಿ ಹೋಗುತ್ತಿದ್ದ. ಅವನು ನಕ್ಕುಕೊಂಡು ಹೋಗುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅವನು ದಿನಾ ಹೋಗುತ್ತಾ ಬರುತ್ತಾ, ಮನೆ ತಾನೇತಾನಾಗಿ ನೆಟ್ಟಗಾಗುವುದನ್ನು ನೋಡಿ ಹೊಟ್ಟೆ ಉರಿದುಕೊಳ್ಳಬೇಕು. ಅದು ನನ್ನ ಆಸೆ. ನಲವತ್ತೆರಡು ವರ್ಷದ ಕತ್ತೆಯ ಆಸೆ!

ಮನೆ ಮೊದಲ ವಾರ ಸುಮ್ಮನಿತ್ತು. ಎರಡನೇ ವಾರ ಮಾತಾಡತೊಡಗಿತು. ಎಲ್ಲೋ ಒಳಗೆ ಟಕ್ ಎನ್ನುವುದು, ಆಮೇಲೆ ಮರ ಉದ್ದಕ್ಕೆ ನರಳುವುದು. ಹೆಸ್ಟರ್ ಹಾಲಿನ ಕೋಣೆಯಿಂದ ಓಡಿ ಬಂದು, “ಅದೇನೋ ಅದು?” ಎನ್ನುವಳು. “ಮರ ಸಡಿಲ ಆಗ್ತಿದೆ, ಒಳ್ಳೇದೇ,” ಎನ್ನುವೆ. ಮೂರನೇ ವಾರ ಮೆಟ್ಟಿಲ ಪಕ್ಕದ ಗಾರೆ ಬಿರಿದು ಉದುರಿತು. “ಗಾರೆ ತಾನೇ, ಮತ್ತೆ ಬಳಿದ್ರಾಯ್ತು,” ಅಂದೆ. ಅವಳು ಪೊರಕೆ ತಂದು ಗುಡಿಸಿದಳು.

ಮಾರ್ಚ್ ಇಪ್ಪತ್ತಮೂರರ ಮಧ್ಯಾಹ್ನ, ಕೊನೆಯ ಒಂದು ಇಂಚು ಉಳಿದಿತ್ತು. ಒಂದೇ ದಿನಕ್ಕೆ ಎಳೆದುಬಿಟ್ಟೆ. ತಿರುಪನ್ನು ಕೊನೇ ಸುತ್ತು ತಿರುಗಿಸಿದಾಗ ಮೇಲಿಂದ ಬಂದೂಕು ಹಾರಿದಂಥ ಸದ್ದು ಬಂತು. ಒಂದಲ್ಲ, ಸಾಲಾಗಿ ನಾಲ್ಕು. ಅಂಗಳದ ಕೋಳಿಗಳೆಲ್ಲ ಬೇಲಿ ಹಾರಿದವು. ಆಮೇಲೆ ಎಲ್ಲ ಸ್ತಬ್ಧ. ನಾನು ಏಣಿ ಹತ್ತಿ, ಅಪ್ಪನ ತೂಗುಗುಂಡು ಇಳಿಬಿಟ್ಟೆ. ದಾರ ಗೋಡೆಗೆ ಅಂಟಿಕೊಂಡು ಸೀದಾ ಇಳಿಯಿತು. ಒಂದು ಕೂದಲಿನ ಎಳೆಯಷ್ಟೂ ವ್ಯತ್ಯಾಸವಿಲ್ಲ.

ಹೆಸ್ಟರ್ ಮನೆಯೊಳಗೆ ಒಂದು ಸುತ್ತು ಹಾಕಿ ಬಂದಳು.

“ಮನೆ ನೆಟ್ಟಗಾಯ್ತು, ಬಾಗಿಲೆಲ್ಲ ಸೊಟ್ಟಗಾಯ್ತಲ್ಲೋ,” ಅಂದಳು. “ಒಂದೂ ಹಾಕೋಕೆ ಬರ್ತಿಲ್ಲ. ನಮ್ಮಜ್ಜ ಮಾಡಿದ್ದು ಅರ್ಧಕ್ಕೇ ಸಿಕ್ಕೊಂಡಿದೆ.”

“ಬಾಗಿಲು ಹೆರೆಯೋದು ಒಂದು ಕೆಲಸವಾ? ಮೊದಲು ಗೋಡೆ ನೋಡು.”

“ನೋಡಿದೆ. ಮೂಡಣ ಗೋಡೆ ಬೇರೆ ಯಾರದೋ ಮನೇದು ಅನ್ನಿಸ್ತಿದೆ.”

ಸಂಜೆ ಡ್ರೂರಿಯ ಕಾರು ದಾರಿಯಲ್ಲಿ ನಿಂತಿತು. ಅವನು ಇಳಿಯಲಿಲ್ಲ. ಗಾಜು ಇಳಿಸಿ ಗೋಡೆ ನೋಡಿದ, ನನ್ನನ್ನು ನೋಡಿದ, ಟೋಪಿ ಸ್ವಲ್ಪ ಎತ್ತಿ ಹೊರಟುಹೋದ. ಆ ರಾತ್ರಿ ನಾನು ಪಬ್ಬಿನಲ್ಲಿ ಎಲ್ಲರಿಗೂ ಬಿಯರ್ ಕೊಡಿಸಿದೆ. ನನ್ನ ಬೆನ್ನು ತಟ್ಟದವರೇ ಇಲ್ಲ. “ಜೇಬೆಜ್ ಕೈಲೂ ಆಗದ್ದನ್ನ ಮಾಡಿದೆ ಬಿಡಪ್ಪ,” ಅಂದರು. ಆ ಮಾತಿಗಾಗಿ ನಾನು ಎಷ್ಟು ವರ್ಷದಿಂದ ಕಾದಿದ್ದೆನೋ ನನಗೇ ಗೊತ್ತಿರಲಿಲ್ಲ.

ಲೇಡಿ ಡೇ ದಿನ ಬೆಳಗ್ಗೆ ಹತ್ತಕ್ಕೆ ಇನ್‌ಸ್ಪೆಕ್ಟರ್ ಬಂದರು. ಸಿಮಂಡ್ಸ್ ಎಂದು ಹೆಸರು, ಕೆಮ್ಮಿನ ಮನುಷ್ಯ, ಸೈಕಲ್ಲಿನಲ್ಲಿ ಬಂದಿದ್ದರು. ಡ್ರೂರಿ ಬಾಗಿಲ ಬಳಿ ಕೈ ಕಟ್ಟಿ ನಿಂತ. ಸಿಮಂಡ್ಸ್ ಬಾವಿಯ ನೀರು ನೋಡಿದರು, ಚರಂಡಿ ನೋಡಿದರು, ಕೋಣೆಗಳಿಗೆ ಬೆಳಕು ಗಾಳಿ ಬರುತ್ತದೆಯೇ ನೋಡಿದರು, ಗೋಡೆಯ ಬುಡ ಮುಟ್ಟಿ ತೇವ ನೋಡಿದರು. ಒಂದೊಂದಕ್ಕೂ “ಪರವಾಗಿಲ್ಲ, ಪರವಾಗಿಲ್ಲ” ಎಂದು ಗುರುತು ಹಾಕಿದರು. ಹಾಲಿನ ಕೋಣೆ ನೋಡಿ, “ನನ್ನ ಹೆಂಡ್ತಿ ನಿಮ್ಮ ಬೆಣ್ಣೆ ಬಿಟ್ಟು ಬೇರೆ ಮುಟ್ಟಲ್ಲ, ಮಿಸೆಸ್ ಕೀಬಲ್,” ಅಂದರು. ಹೆಸ್ಟರ್‌ಳ ಮುಖ ಅರಳಿತು. ತೂಗುಗುಂಡು ಅವರ ಚೀಲದಿಂದ ಹೊರಗೆ ಬರಲೇ ಇಲ್ಲ.

ನನಗೆ ತಡೆಯಲಾಗಲಿಲ್ಲ. “ಗೋಡೆ ಅಳೀಲಿಲ್ಲವಲ್ಲ ಸಾರ್,” ಅಂದೆ. “ಒಂದು ಕೂದಲೆಳೆ ಓರೆ ಇಲ್ಲ.”

“ಯಾವ ಗೋಡೆ?”

“ಮೂಡಣದ್ದು. ಒಂಬತ್ತು ಇಂಚು ವಾಲಿತ್ತು, ನೆಟ್ಟಗೆ ಮಾಡಿದ್ದೀನಿ.”

ಸಿಮಂಡ್ಸ್ ಪೆನ್ಸಿಲ್ ಹಿಡಿದ ಕೈ ಹಾಗೇ ನಿಲ್ಲಿಸಿ ನನ್ನನ್ನು ನೋಡಿದರು. “ನೆಟ್ಟಗೆ ಮಾಡಿದ್ರಾ? ಯಾಕೆ?”

“ಯಾಕೆ ಅಂದ್ರೆ? ನೀವು ಬರೀತೀರಲ್ಲ...”

“ವಾಲಿದ್ದಕ್ಕೆ ನಾನು ಯಾಕ್ರೀ ಬರೀಲಿ? ಈ ಸೀಮೇಲಿ ವಾಲದಿರೋ ಹಳೇ ಮನೆ ಒಂದು ತೋರಿಸಿ ನೋಡೋಣ. ನಿಂತಿದ್ಯಾ, ಅಲ್ಲಾಡ್ತಿದ್ಯಾ, ಅಷ್ಟೇ ನನಗೆ ಬೇಕಾಗಿರೋದು. ವಾಲು ಅಂತ ನನ್ನ ಪಟ್ಟೀಲಿ ಒಂದು ಸಾಲೂ ಇಲ್ಲ.” ಆಮೇಲೆ ಧ್ವನಿ ಇಳಿಸಿ, “ಗೂಟ ತೆಗೆದು ಎಳೆದ್ರಾ?” ಅಂದರು.

ನಾನು ಅಟ್ಟದ ಕಡೆ ನೋಡಿದೆ.

ಅವರು ಟಾರ್ಚ್ ತೆಗೆದುಕೊಂಡು ಅಟ್ಟ ಹತ್ತಿದರು. ನಾನೂ ಹಿಂದೆಯೇ ಹತ್ತಿದೆ. ಎರಡು ದಿನದಿಂದ ನಾನು ಅಲ್ಲಿಗೆ ಹೋಗಿರಲಿಲ್ಲ. ನೋಡುವ ಧೈರ್ಯ ಇರಲಿಲ್ಲ ಅಂತ ಈಗ ಹೇಳುತ್ತೇನೆ, ಆಗ ಹೊತ್ತಿರಲಿಲ್ಲ ಅಂದುಕೊಂಡಿದ್ದೆ. ಟಾರ್ಚಿನ ಬೆಳಕು ಅಡ್ಡತೊಲೆಯ ಉದ್ದಕ್ಕೂ ಸರಿದು ಕಂಬದ ನೆತ್ತಿಯ ಮೇಲೆ ನಿಂತಿತು. ನಾಲಿಗೆ ಬುಡಕ್ಕೇ ಕಿತ್ತು ಬಂದಿತ್ತು. ಒಳಗಿನ ಮರ ಜೇನಿನ ಬಣ್ಣದ್ದು, ನಿನ್ನೆ ಕಡಿದ ಹಾಗಿತ್ತು. ಎರಡನೇ ಕಂಬ, ಮೂರನೇದು, ನಾಲ್ಕನೇದು, ಎಲ್ಲ ಹಾಗೇ. ಹೊಗೆಗೂಡಿನ ಕಡೆ ಬೆಳಕು ಬಿಟ್ಟರೆ ಇನ್ನೂ ಕೆಟ್ಟದು. ಹೂತಿದ್ದ ತೊಲೆಗಳು ಹೊರಬರುವಾಗ ಇಟ್ಟಿಗೆಯನ್ನೂ ಎಳೆದುಕೊಂಡು ಬಂದಿದ್ದವು. ಕೈ ತೂರುವಷ್ಟು ಬಿರುಕು, ಮೇಲಿನಿಂದ ಕೆಳಗಿನವರೆಗೆ. ಅದರೊಳಗಿಂದ ಅಡುಗೆಮನೆಯ ಒಲೆಯ ಹೊಗೆ ಸಣ್ಣಗೆ ಅಟ್ಟಕ್ಕೆ ಬರುತ್ತಿತ್ತು.

“ಒಲೆ ಆರಿಸಿ, ಮಿಸೆಸ್ ಕೀಬಲ್!” ಎಂದು ಸಿಮಂಡ್ಸ್ ಮೇಲಿಂದಲೇ ಕೂಗಿದರು. “ಈಗಲೇ ಆರಿಸಿ!”

ಕೆಳಗಿಳಿದ ಮೇಲೆ ನಾನು ಅಂಗಲಾಚಿದೆ. “ಸೆಪ್ಟೆಂಬರ್ ಕೊನೇವರೆಗೆ ಬಿಡಿ ಸಾರ್. ಕಬ್ಬಿಣದ ಪಟ್ಟಿ ಹಾಕ್ತೀನಿ, ಹೊಸ ನಾಲಿಗೆ ಕೂರಿಸ್ತೀನಿ, ಹೊಗೆಗೂಡು ಬಿಚ್ಚಿ ಕಟ್ಟಿಸ್ತೀನಿ.”

“ಆಗುತ್ತೆ, ನಾನು ಇಲ್ಲ ಅನ್ನಲ್ಲ,” ಅಂದರು ಅವರು. “ಮನೆ ಮಾಲೀಕರು ರಿಪೇರಿ ಮಾಡಿಸ್ತೀವಿ ಅಂತ ಬರೆದುಕೊಟ್ರೆ ನಾನು ತಡೆಹಿಡೀತೀನಿ. ಬರೆದುಕೊಡ್ತೀರಾ, ಮಿಸ್ಟರ್ ಡ್ರೂರಿ?”

ಡ್ರೂರಿ ಕೈ ಬಿಚ್ಚಲೂ ಇಲ್ಲ. “ನಮ್ಮ ಅನುಮತಿ ಇಲ್ಲದೆ ಬಾಡಿಗೆಯವಳ ತಮ್ಮನೇ ಈ ಮನೇನ ಮುರಿದಿದ್ದಾನೆ. ಅದಕ್ಕೆ ಧಣಿಗಳು ಯಾಕೆ ಬರೆದುಕೊಡ್ತಾರೆ? ಇಲ್ಲ.”

ಸಿಮಂಡ್ಸ್ ಕೆಮ್ಮಿದರು, ವಾಸಕ್ಕೆ ಯೋಗ್ಯವಲ್ಲ, ಬೀಳಬಹುದು ಎಂದು ಬರೆದರು. ಬರೆಯುವಾಗ ಹೆಸ್ಟರ್‌ಳ ಮುಖ ನೋಡಲಿಲ್ಲ.

ಡ್ರೂರಿ ನನಗೆ ಬೇಕೆಂದೇ ಗಾಳ ಹಾಕಿದನೇ? ಬಹಳ ವರ್ಷ ನಾನು ಹಾಗೇ ಹೇಳಿಕೊಂಡು ತಿರುಗಿದೆ. ಒಂದು ಸಲ ಹೆಸ್ಟರ್ ಎದುರಿಗೂ ಹೇಳಿದೆ. “ಹಗ್ಗ ನಿನ್ನ ಕೈಗೆ ಅವನು ಕೊಟ್ಟನಾ?” ಎಂದಳು, ಅಷ್ಟೇ. ಆಮೇಲೆ ಹೇಳುವುದು ಬಿಟ್ಟೆ.

ಮೇ ತಿಂಗಳಲ್ಲಿ ಅವಳಿಗೆ ಪೇಟೆಯ ಅಂಚಿನಲ್ಲಿ ಕೌನ್ಸಿಲ್‌ನವರು ಕಟ್ಟಿಸಿದ ಬಾಡಿಗೆ ಮನೆ ಕೊಟ್ಟರು. ಹಸುಗಳು ಸಂತೆಗೆ ಹೋದವು. ಬೆಣ್ಣೆ ಕಡೆಯುವ ಪೀಪಾಯಿಯನ್ನು ಹೊಸ ಮನೆಗೆ ತರಲಿಲ್ಲ, ಅಲ್ಲಿ ಇಡಲು ಜಾಗವಿಲ್ಲ. ಅವಳು ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸಕ್ಕೆ ಸೇರಿದಳು. ಪಾತ್ರೆ ತೊಳೆಯುವ ಕೆಲಸ. ನಾನು ಅವಳನ್ನು ಹೆದರಿಸಿದ್ದು ಇದೇ ಮಾತು ಹೇಳಿ. ಅದನ್ನು ಅವಳು ಒಮ್ಮೆಯೂ ಎತ್ತಿ ಆಡಲಿಲ್ಲ. ಎತ್ತಿ ಆಡಿದ್ದರೆ ಚೆನ್ನಾಗಿರುತ್ತಿತ್ತು.

ಜೂನ್ ಹದಿನಾಲ್ಕಕ್ಕೆ ಮನೆ ಕೆಡವುವುದೆಂದು ಆಯಿತು. ನಾನು ಹೋಗಬಾರದು ಅಂದುಕೊಂಡಿದ್ದೆ, ಆದರೂ ಹೋದೆ. ಹೆಸ್ಟರ್ ಕೂಡ ಬಂದಿದ್ದಳು, ಕೊನೆಯ ನಾಲ್ಕು ಕೋಳಿ ಒಯ್ಯಲು. ಬುಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಕೊಳದ ದಡದಲ್ಲಿ ನಿಂತಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವಳು ದೂರ ಸರಿಯಲಿಲ್ಲ.

ಎಂಟು ಗಂಟೆಗೆ ಫಾರ್ಮಿನ ಆ ಇಬ್ಬರು ಚಕ್ರದ ಬದಲು ಚೈನಿನ ಮೇಲೆ ಉರುಳುವ ದೊಡ್ಡ ಟ್ರಾಕ್ಟರ್ ತಂದರು. ಪಡುವಣ ಮೂಲೆಗಂಬಕ್ಕೆ ಉಕ್ಕಿನ ಹಗ್ಗ ಸುತ್ತಿದರು. ಹತ್ತು ನಿಮಿಷದ ಕೆಲಸ ಎಂದು ಡ್ರೂರಿ ಗಡಿಯಾರ ನೋಡಿಕೊಂಡ. ಟ್ರಾಕ್ಟರ್ ಅಬ್ಬರಿಸಿತು, ಹಗ್ಗ ಬಿಗಿಯಾಯಿತು. ಮನೆ ಅಲ್ಲಾಡಲಿಲ್ಲ. ಟ್ರಾಕ್ಟರಿನ ಚೈನು ಮಾತ್ರ ಮಣ್ಣು ತೋಡಿ ಕೆಳಗಿಳಿಯಿತು. ಜಾಗ ಬದಲಿಸಿ ಎಳೆದರು. ಹಗ್ಗ ಕಿತ್ತು ಬಂದು ಹಂದಿಗೂಡಿನ ಸೂರು ಹಾರಿಸಿತು. ಇನ್ನೊಂದು ಹಗ್ಗ ತಂದರು. ಹತ್ತಾಯಿತು, ಹನ್ನೆರಡಾಯಿತು. ಗಾರೆಯೆಲ್ಲ ಉದುರಿ, ಮಣ್ಣಿನ ಗೋಡೆ ಉದುರಿ, ಹೊಗೆಗೂಡು ಕುಸಿದು, ಓಕ್‌ನ ಚೌಕಟ್ಟು ಬರಿಮೈಯಲ್ಲಿ ನಿಂತಿತು. ನಾನು ಮುರಿದ ನಾಲ್ಕು ಜೋಡಣೆ ಬಿಟ್ಟರೆ ಉಳಿದ ಎಲ್ಲವೂ ಹಾಗೇ ಕಚ್ಚಿಕೊಂಡಿದ್ದವು. ಡ್ರೈವರ್ ಇಳಿದು ಬೆವರು ಒರೆಸಿಕೊಂಡು, “ಇದನ್ನ ಯಾವನಯ್ಯಾ ಬೀಳುತ್ತೆ ಅಂತ ಬರೆದಿದ್ದು?” ಅಂದ. ಯಾರೂ ನಗಲಿಲ್ಲ.

ಎರಡು ಗಂಟೆಯ ಹೊತ್ತಿಗೆ ಡ್ರೂರಿ ನಮ್ಮ ಕಡೆ ಬಂದ. ಕಾಲರ್ ಬಿಚ್ಚಿದ್ದ, ಮುಖ ಕೆಂಪಗಾಗಿತ್ತು.

“ಬೋರೆಟ್, ಎಲ್ಲಿ ಎಳೆದ್ರೆ ಇದು ಬೀಳುತ್ತೆ?”

“ನಂಗೊತ್ತಿಲ್ಲ,” ಅಂದೆ.

“ಹಾಗಾದ್ರೆ ನಾಳೆ ಇನ್ನೊಂದು ಟ್ರಾಕ್ಟರ್ ತರ್ತೀನಿ. ನಾಡಿದ್ದು ಬೆಂಕಿ ಹಚ್ತೀನಿ. ನನಗೇನೂ ಅವಸರ ಇಲ್ಲ.”

ಟ್ರಾಕ್ಟರ್ ಮತ್ತೆ ಅಬ್ಬರಿಸಿತು. ಮೂಲೆಗಂಬದಿಂದ ಉದ್ದಕ್ಕೆ ಒಂದು ನರಳು ಬಂತು. ಹೆಸ್ಟರ್ ಕಣ್ಣು ಮುಚ್ಚಿಕೊಂಡಳು.

“ಆಮೋಸ್,” ಅಂದಳು. ಮೂರು ತಿಂಗಳಲ್ಲಿ ಅವಳಾಗಿ ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಹೋಗಿ ನೀನೇ ಬಿಚ್ಚು. ಅದನ್ನ ಹೀಗೆ ಎಳೆದಾಡಿಸ್ಬೇಡ.”

“ನನ್ನ ಕೈಲಾಗಲ್ಲ ಹೆಸ್ಟರ್.”

“ಆಗುತ್ತೆ. ಹೋಗು.”

ಹೋದೆ. ಕೊಡತಿ ಮತ್ತು ಕಬ್ಬಿಣದ ತೂರುಗೋಲು ತೆಗೆದುಕೊಂಡು ಏಣಿ ಹತ್ತಿದೆ. ಹಳೇ ಬಡಗಿಗಳು ಗೂಟದ ಹಿಂಬದಿಯನ್ನು ಒಂದು ಬೆರಳಷ್ಟು ಹೊರಗೆ ಬಿಟ್ಟಿರುತ್ತಾರೆ, ಬೇಕಾದಾಗ ತೆಗೆಯಲಿ ಎಂದೇ. ತೂರುಗೋಲಿಟ್ಟು ನಾಲ್ಕು ಏಟು ಹಾಕಿದರೆ ಗೂಟ ಸರಿಯಿತು, ಇನ್ನೆರಡಕ್ಕೆ ಜಾರಿ ಕೆಳಗೆ ಬಿತ್ತು. ಒಂದೂ ಕೊಳೆತಿರಲಿಲ್ಲ, ಒಂದೂ ಹುಳ ಹಿಡಿದಿರಲಿಲ್ಲ. ಮೂಲೆಗಂಬದ್ದು ಎರಡು, ನಡುಗಂಬದ್ದು ನಾಲ್ಕು, ಓರೆಗಂಬಗಳವು ಆರು. ಪ್ರತಿ ಗೂಟವೂ ಸಲೀಸಾಗಿ ಬಂತು. ಬರದೆ ಹಟ ಮಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಕೊನೆಯದನ್ನು ತೆಗೆದು ಇಳಿದು ಬಂದು, ಡ್ರೈವರನಿಗೆ ಕೈ ಮಾಡಿದೆ. ಅವನು ಮೆಲ್ಲಗೆ ಎಳೆದ. ಚೌಕಟ್ಟು ಸದ್ದಿಲ್ಲದೆ ಪಡುವಣಕ್ಕೆ ಮಡಚಿಕೊಂಡು, ಮಂಡಿಯೂರಿ, ಮಲಗಿತು.

ಧೂಳು ಅಡಗಿದ ಮೇಲೆ ನಾನು ಕೊಳದ ದಡಕ್ಕೆ ಹೋದೆ. ಹೆಸ್ಟರ್ ಕೋಳಿಬುಟ್ಟಿ ಎತ್ತಿಕೊಂಡಿದ್ದಳು.

“ಎಷ್ಟು ಹೊತ್ತು ಹಿಡೀತು, ಗೂಟ ತೆಗೆಯೋಕೆ?” ಎಂದು ಕೇಳಿದಳು.

“ಒಂದು ಗಂಟೆ,” ಅಂದೆ.

“ಒಂದು ಗಂಟೆ,” ಅಂದಳು ಹೆಸ್ಟರ್. ಬುಟ್ಟಿಯನ್ನು ಸೊಂಟಕ್ಕೆ ಸರಿಮಾಡಿಕೊಂಡು, ಮೂರೂವರೆಯ ಬಸ್ಸಿಗೆ ನಡೆದುಹೋದಳು.